ಶಿವನಸಮುದ್ರದ ವಿದ್ಯುಚ್ಛಕ್ತಿಯೂ ಅಮೆರಿಕದ ಎರಡು ಮುಖಗಳೂ

ಕ್ರಿ. ಶ. 1902ನೆಯ ಇಸವಿಯ ಜೂನ್ 30ನೆಯ ತಾರೀಖು ಕಾವೇರಿಯ ಶಿವನಸಮುದ್ರದ ಜಲಪಾತದಲ್ಲಿ ಉತ್ಪನ್ನವಾದ ವಿದ್ಯುಚ್ಛಕ್ತಿಯು 92 ಮೈಲಿಗಳ ತಂತಿಯ ಮೂಲಕ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅದಾದ ನಾಲ್ಕು ದಿವಸಗಳಿಗೆ, ಅಂದರೆ ಜುಲೈ 4ರಂದು, ಅಮೆರಿಕದ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟನು ಫಿಲಿಪೈನ್ಸ್ ದ್ವೀಪಗಳ ಯುದ್ಧವು ಮುಗಿಯಿತೆಂದು ಘೋಷಿಸಿದನು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಮೇಲುನೋಟಕ್ಕೆ ತೋರುವುದು ಸಹಜ. ಆದರೆ ಶಿವನಸಮುದ್ರದ ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಅಮೆರಿಕದ ಸ್ಕೆನೆಕ್ಟಡಿ ಪಟ್ಟಣದ ಜನರಲ್ ಎಲೆಕ್ಟ್ರಿಕ್ ಕಂಪೆನಿಯೆಂಬುದನ್ನು ನೆನೆದರೆ, ಆ ದೇಶವು ಆ ಕಾಲದಲ್ಲಿ ತನ್ನ ತೀರಗಳನ್ನು ದಾಟಿ ಹೊರಟ ಬಗೆಯನ್ನೂ, ಆ ಪ್ರವಾಹದ ಒಂದು ಕವಲು ಮೈಸೂರು ಸೀಮೆಗೆ ಹರಿದುಬಂದ ಬಗೆಯನ್ನೂ ಕೂಡಿಸಿ ನೋಡಬೇಕಾಗುತ್ತದೆ.

1898ರಲ್ಲಿ ಅಮೆರಿಕವು ಸ್ಪೇನಿನೊಡನೆ ಹೂಡಿದ ಯುದ್ಧವು ಕೆಲವೇ ತಿಂಗಳುಗಳಲ್ಲಿ ಮುಗಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸಿನಲ್ಲಿ ಆದ ಕೌಲಿನಂತೆ ಪೋರ್ಟೊರಿಕೊ, ಗುವಾಮ್‌ಗಳೂ, ಎರಡು ಕೋಟಿ ಡಾಲರುಗಳ ಪಾವತಿಯ ಮೇಲೆ ಫಿಲಿಪೈನ್ಸ್ ದ್ವೀಪಸಮೂಹವೂ ಅದರ ಕೈಸೇರಿದವು. ಹವಾಯಿಯು ಅದೇ ವರ್ಷದ ಜುಲೈಯಲ್ಲಿಯೇ ಸೇರಿದ್ದಿತು. ಚೀನದ ವ್ಯಾಪಾರದಲ್ಲಿ ಎಲ್ಲ ರಾಷ್ಟ್ರಗಳಿಗೂ ಸಮಾನಾವಕಾಶವಿರಬೇಕೆಂಬ ಹೇಯನ ಪತ್ರಗಳು ಹೊರಟುದು 1899ರಲ್ಲಿ. ಫಿಲಿಪೈನ್ಸಿನ ಜನರು ಹೊಸ ದೊರೆತನವನ್ನು ಒಪ್ಪದೆ ಹೋರಾಡಿದಾಗ ಯುದ್ಧದಿಂದಲೂ ರೋಗರುಜಿನಗಳಿಂದಲೂ ಎರಡು ಲಕ್ಷಕ್ಕೂ ಮಿಕ್ಕ ಪ್ರಜೆಗಳು ಅಳಿದರೆಂಬುದು ಸಾಮಾನ್ಯವಾದ ಎಣಿಕೆ. ಸ್ವಾತಂತ್ರ್ಯಕ್ಕಾಗಿ ಹೋರಾಡಿ ಹುಟ್ಟಿದ ರಾಷ್ಟ್ರವು ಇನ್ನೊಬ್ಬರ ಸ್ವಾತಂತ್ರ್ಯವನ್ನು ಕಸಿಯುವುದು ಸಲ್ಲದೆಂದು ಆ ದೇಶದಲ್ಲಿಯೇ ಸಂಘ ಕಟ್ಟಿ ವಾದಿಸಿದವರು ಇದ್ದರು. ಅವರ ಮಾತು ನಡೆಯಲಿಲ್ಲ.

ಮೈಸೂರಿಗೆ ಬಂದ ಅಮೆರಿಕವು ಕತ್ತಿ ಹಿಡಿದು ಬಂದುದಲ್ಲ, ಕರಾರುಪತ್ರ ಹಿಡಿದು ಬಂದುದು. ಕಾವೇರಿಯ ಜಲಪಾತವನ್ನು ಬಳಸಿಕೊಳ್ಳುವ ಯೋಜನೆಯನ್ನು ರೂಪಿಸಿದವರು ಸಂಸ್ಥಾನದ ಇಂಜಿನಿಯರುಗಳಲ್ಲೊಬ್ಬರಾಗಿದ್ದ ಕ್ಯಾಪ್ಟನ್ ಜೋಲಿ ಡಿ ಲೋಟ್‌ಬಿನಿಯೇರ್. ಇವರು ಕೆನಡಾ ದೇಶದ ಕ್ವಿಬೆಕ್ ಪ್ರಾಂತದ ಪ್ರಸಿದ್ಧ ಮನೆತನದವರು. ಇವರ ತಂದೆ ಆ ಪ್ರಾಂತದ ಪ್ರಧಾನಿಯಾಗಿದ್ದವರು. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು ಯೋಜನೆಯನ್ನು ಮೆಚ್ಚಿ ಇವರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿದರು. ನಯಾಗರದ ಶಕ್ತಿಯು ಬಫಲೋ ನಗರಕ್ಕೆ ತಲಪಿದುದು 1896ರಲ್ಲಿ. ದೂರಕ್ಕೆ ವಿದ್ಯುತ್ತನ್ನು ಸಾಗಿಸುವ ಅನುಭವವು ಆಗ ಅಮೆರಿಕನ್ನರಲ್ಲಿ ಹೆಚ್ಚಾಗಿದ್ದಿತು. ಆದುದರಿಂದ ಬ್ರಿಟಿಷ್ ಸಾಮ್ರಾಜ್ಯದ ನೆರಳಿನ ಸಂಸ್ಥಾನವೊಂದರ ಬಹುದೊಡ್ಡ ಕರಾರು ಬ್ರಿಟಿಷ್ ಕಂಪೆನಿಗಳನ್ನು ಬಿಟ್ಟು ಅಮೆರಿಕದ ಪಾಲಾಯಿತು. ನೀರಿನ ಚಕ್ರಗಳನ್ನು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪೆನಿಯು ಒದಗಿಸಿತು. 720 ಕಿಲೋವಾಟ್ಟಿನ ಆರು ಯಂತ್ರಗಳು ಮೊದಲಿನವು. ಈ ತಂತಿಮಾರ್ಗವು ಆಗ ಲೋಕದ ಅತಿ ದೀರ್ಘವಾದವುಗಳಲ್ಲಿ ಒಂದು. ಎಚ್. ಪಿ. ಗಿಬ್ಸ್ ಮೊದಲಾದ ಅಮೆರಿಕದ ತಜ್ಞರು ಬಂದು ಕೆಲಸ ನಡೆಯಿಸಿದರು. ಶೇಷಾದ್ರಿ ಅಯ್ಯರವರಿಗೆ ಮಾತ್ರ ಇದನ್ನು ಕಾಣುವ ಭಾಗ್ಯವಿರಲಿಲ್ಲ. ಅವರು 1901ರ ಸೆಪ್ಟೆಂಬರಿನಲ್ಲಿಯೇ ಕಾಲವಾದರು.

ಈ ಶಕ್ತಿಯು ಯಾರಿಗಾಗಿ ಹುಟ್ಟಿತು? ಮೊದಲ ಮೂರು ವರ್ಷ ಬಹುಮಟ್ಟಿಗೆ ಗಣಿಗಳಿಗಾಗಿಯೇ. ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹತ್ತಿದುದು 1905ರ ಆಗಸ್ಟಿನಲ್ಲಿ. ಗಣಿಗಳ ಒಡೆಯರು ಲಂಡನ್ನಿನ ಪಾಲುದಾರರು. ಅವರಿಗೆ ದೂರದಿಂದ ಕಲ್ಲಿದ್ದಲು ತರಿಸುವ ವೆಚ್ಚವು ಉಳಿಯಿತು. ಬಂಡವಾಳವನ್ನು ಹಾಕಿದುದು ಮೈಸೂರು ಸರ್ಕಾರ. ಸರ್ಕಾರದ ಆದಾಯದಲ್ಲಿ ಮುಖ್ಯವಾದುದು ಭೂಕಂದಾಯ. ತುಮಕೂರಿನಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿರುವ ಕೋರ ಹೋಬಳಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೆರೆಯ ನೀರನ್ನೂ ಮಳೆಯನ್ನೂ ನಂಬಿ ರಾಗಿ ಬೆಳೆಯುವ ಆ ಸೀಮೆಯ ರೈತನು ಕಂದಾಯವನ್ನು ತೆತ್ತನು. ತಂತಿಯಾದರೋ ಅವನ ಊರಿಗೆ ಬಹು ದೂರ ದಕ್ಷಿಣದಲ್ಲಿ ಕಾವೇರಿಯಿಂದ ಕೋಲಾರಕ್ಕೆ ಹಾದುಹೋಯಿತು. 1876–78ರ ಕ್ಷಾಮದಲ್ಲಿ ಸಂಸ್ಥಾನದ ಜನಸಂಖ್ಯೆಯು 1871ರ ಸುಮಾರು 50 ಲಕ್ಷದಿಂದ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿದ್ದುದನ್ನು ಕಂಡಿದ್ದ ತಲೆಮಾರು ಅದು. ಮೇಲಾಗಿ 1896ರಿಂದ ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿಗಳ ಪೊಗದಿಯನ್ನೂ ಕೊಡಬೇಕಾಗಿದ್ದಿತು. ಗಣಿಗಳು ಶಕ್ತಿಗೆ ತೆತ್ತ ಹಣವು ಖಜಾನೆಗೆ ಮರಳಿ ಬಂದಿತೆಂಬುದು ನಿಜ. ಅದು ಮರಳಿದ ದಾರಿಯಲ್ಲಿ ಕೋರದಂಥ ಹೋಬಳಿಗಳು ಬೇಗನೆ ಸಿಕ್ಕಲಿಲ್ಲವೆಂಬುದೂ ಅಷ್ಟೇ ನಿಜ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಅಮೆರಿಕದೊಳಗೆ ಅದೇ ವರ್ಷಗಳಲ್ಲಿ ಸುಧಾರಣಾಪಕ್ಷದವರು ದೊಡ್ಡ ಕಂಪೆನಿಗಳ ಏಕಸ್ವಾಮ್ಯದ ಮೇಲೆ ಎದ್ದಿದ್ದರು. ಜನರಲ್ ಎಲೆಕ್ಟ್ರಿಕ್ ಕಂಪೆನಿಯೇ 1892ರಲ್ಲಿ ಬ್ಯಾಂಕುಗಾರ ಮಾರ್ಗನನ ಸಹಾಯದಿಂದ ಎರಡು ಕಂಪೆನಿಗಳು ಕೂಡಿ ಆದುದು. ರೈಲು, ನೀರು, ದೀಪಗಳು ಖಾಸಗಿ ಲಾಭಕ್ಕೆ ಒಳಗಾಗದೆ ಸಾರ್ವಜನಿಕರ ಹತೋಟಿಯಲ್ಲಿರಬೇಕೆಂದು ಅವರು ಹೋರಾಡಬೇಕಾಯಿತು. ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಗವರ್ನರ್ ಲಾ ಫಾಲೆಟ್ಟನ ಕಾಲದಲ್ಲಿ, 1905ರಲ್ಲಿ, ರೈಲುಮಾರ್ಗಗಳ ಮೇಲೆ ಆಯೋಗವಾಯಿತು. ವಿದ್ಯುಚ್ಛಕ್ತಿಯು ಅದರ ಅಧಿಕಾರಕ್ಕೆ ಬಂದುದು 1907ರಲ್ಲಿ. ಮೈಸೂರಿನಲ್ಲಾದರೋ ಅದೇ ಕಂಪೆನಿಯ ಯಂತ್ರಗಳು ಮೊದಲ ದಿನದಿಂದಲೂ ಸರ್ಕಾರದ ಸ್ವತ್ತು. ಆದರೆ ಆ ಸರ್ಕಾರವು ಪ್ರಜೆಗಳಿಗೆ ಉತ್ತರವಾದಿಯಾಗಿರಲಿಲ್ಲ. 1881ರಲ್ಲಿ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಯು ಅಹವಾಲುಗಳನ್ನು ಹೇಳಬಹುದಾಗಿತ್ತೇ ಹೊರತು ಆಯವ್ಯಯವನ್ನು ತಡೆಯಬಲ್ಲುದಾಗಿರಲಿಲ್ಲ. ಒಂದು ಕಡೆ ಮತವಿದ್ದು ಸ್ವತ್ತಿಲ್ಲ. ಇನ್ನೊಂದು ಕಡೆ ಸ್ವತ್ತಿದ್ದು ಮತವಿಲ್ಲ.

ಯಂತ್ರಗಳ ಹಿಂದೆಯೇ ವಿಚಾರಗಳೂ ಬಂದವು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗುವ ಮುಂಚೆಯೇ ಅಮೆರಿಕವನ್ನು ಕಂಡಿದ್ದರು. 1911ರ ಮೈಸೂರು ಆರ್ಥಿಕ ಸಮ್ಮೇಳನವು ಜಿಲ್ಲೆಗಳಲ್ಲಿ ಸಮಿತಿಗಳನ್ನು ಕಟ್ಟಿ ವ್ಯವಸಾಯ, ಕೈಗಾರಿಕೆ, ವಿದ್ಯಾಭ್ಯಾಸಗಳ ವಿಚಾರವನ್ನು ಊರುಗಳವರೆಗೆ ಒಯ್ಯಲು ಯತ್ನಿಸಿತು. ಪ್ರಾಥಮಿಕ ವಿದ್ಯಾಭ್ಯಾಸದ ರೆಗ್ಯುಲೇಷನ್ 1913ರದು. ವಿಶ್ವವಿದ್ಯಾನಿಲಯವನ್ನು ಕಟ್ಟುವ ಮುನ್ನ ಸಿ. ಆರ್. ರೆಡ್ಡಿ, ಥಾಮಸ್ ಡೆನ್‌ಹ್ಯಾಮ್ ಇವರ ಮೂಲಕ ಪರದೇಶಗಳ ಪದ್ಧತಿಗಳನ್ನು ಪರಿಶೀಲಿಸಿದಾಗ ಷಿಕಾಗೋ, ವಿಸ್ಕಾನ್ಸಿನ್‌ಗಳೂ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳೊಡನೆ ಕಣ್ಣಮುಂದಿದ್ದವು. ವಿದ್ಯಾಪೀಠದ ಎಲ್ಲೆಯೇ ಸಂಸ್ಥಾನದ ಎಲ್ಲೆಯೆಂಬುದು ವಿಸ್ಕಾನ್ಸಿನ್ನಿನವರ ಭಾವನೆ. 1916ರ ಜುಲೈ 27ರಂದು ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯವು ಮುಂದೆ ಊರೂರುಗಳಲ್ಲಿ ಕನ್ನಡದ ಪ್ರಚಾರೋಪನ್ಯಾಸಗಳನ್ನು ಏರ್ಪಡಿಸಿದುದು ಇದೇ ಜಾಡಿನಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸಲಹೆಗಾರರಾದವರು ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್.

ಆದರೆ ತಜ್ಞರ ಕೈಯ ಸುಧಾರಣೆಗೆ ಎರಡು ಕಡೆಯೂ ಒಂದೇ ಬಗೆಯ ಕೊರತೆಯಿದ್ದಿತು. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಕಪ್ಪು ಜನರ ಮತಾಧಿಕಾರವು ನಷ್ಟವಾದುದು ಸುಧಾರಣೆಯ ವರ್ಷಗಳಲ್ಲಿಯೇ. ಮೈಸೂರಿನಲ್ಲಿ ಸರ್ಕಾರಿ ಉದ್ಯೋಗವು ಒಂದೇ ವರ್ಗದವರ ಕೈಯಲ್ಲಿದೆಯೆಂಬ ದೂರನ್ನು ವಿಚಾರಿಸಲು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿಯು ನೇಮಕವಾಯಿತು. ಯೋಗ್ಯತೆಯೊಂದೇ ಅಳತೆಯಾಗಬೇಕೆಂದಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ದಿವಾನಗಿರಿಯನ್ನು ಬಿಟ್ಟರು. ಯೋಗ್ಯತೆಯನ್ನು ಸಂಪಾದಿಸುವ ಅವಕಾಶವೇ ಎಲ್ಲರಿಗೂ ದೊರೆತಿರಲಿಲ್ಲವೆಂಬ ಹಿಂದುಳಿದವರ ಉತ್ತರಕ್ಕೆ ಅವರ ವಾದದಲ್ಲಿ ಸಮಾಧಾನ ಸಿಗುವುದಿಲ್ಲ.

ಅಮೆರಿಕದ ಎರಡು ಮುಖಗಳನ್ನೂ ಅಲ್ಲಿಯೇ ನಿಂತು ನೋಡಿದ ಕನ್ನಡಿಗರು ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರರು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಇವರು 1913ರಲ್ಲಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಓದಿದರು. ನಗರದ ನೀರು, ಹಾಲು, ಚರಂಡಿಗಳನ್ನು ಶುದ್ಧಗೊಳಿಸುವುದು ಆಗಿನ ಸುಧಾರಕರ ಮುಖ್ಯ ಕಾರ್ಯಗಳಲ್ಲೊಂದಾಗಿದ್ದಿತು. ಅದೇ ಅಮೆರಿಕವು 1917ರ ಶಾಸನದಿಂದ ಏಷ್ಯದ ಬಹುಭಾಗದ ಜನರಿಗೆ ತನ್ನ ಬಾಗಿಲನ್ನು ಮುಚ್ಚಿತು. ಆ ವರ್ಷವೇ ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಸ್ಥಾಪಿಸಿದ ಹೋಮ್‌ರೂಲ್ ಸಂಘದಲ್ಲಿ ಹರ್ಡೀಕರರು ಅವರ ಬಲಗೈಯಾಗಿ ದುಡಿದರು. 1921ರಲ್ಲಿ ಸ್ವದೇಶಕ್ಕೆ ಮರಳಿ, ಹುಬ್ಬಳ್ಳಿಯನ್ನು ನೆಲೆಯಾಗಿ ಮಾಡಿಕೊಂಡು, 1923ರ ಕಾಕಿನಾಡ ಕಾಂಗ್ರೆಸಿನ ಕಾಲದಲ್ಲಿ ಸೇವಾದಳವನ್ನು ಸಂಘಟಿಸಿದರು. ಮಿಷಿಗನ್ನಿನಲ್ಲಿ ಕಲಿತ ಆರೋಗ್ಯಶಾಸ್ತ್ರವು ಮುಂದೆ ಬೆಳಗಾವಿ ಜಿಲ್ಲೆಯ ಘಟಪ್ರಭೆಯ ಆರೋಗ್ಯಧಾಮದಲ್ಲಿ ಉಪಯೋಗಕ್ಕೆ ಬಂದಿತು.