ಅಮ್ಮ ಆಮೇಲೆ ಏನು ಮಾಡುತ್ತಾಳೆ?

ನಡುರಾತ್ರಿ ಪೆಟ್ರೋಲ್ ಬಂಕಿನಲ್ಲಿ ಒಂದು ಕಾರು ನಿಂತಿದೆ. ಒಳಗಿರುವ ಹುಡುಗನ ಮೈಮೇಲೆಲ್ಲ ವಾಂತಿ. ಹೊಟ್ಟೆಗೆ ನೇರವಾಗಿ ಆಹಾರ ಇಳಿಸಲು ಹಾಕಿದ ಟ್ಯೂಬಿನ ಸುತ್ತ ಚರ್ಮ ಕೆಂಪಗೆ ಬಾತುಕೊಂಡು ಸುಡುತ್ತಿದೆ. ಅವನು ಬಂದದ್ದು ಒಂದು ಪ್ಯಾಕ್ ಸಿಗರೇಟಿಗೆ. ಸೇದುವವನಲ್ಲ, ಹೊತ್ತಿಸದೆ ತುಟಿಯಲ್ಲಿಟ್ಟುಕೊಂಡು ಓಡಾಡುವುದು ಅವನ ಷೋಕಿ. ಯಾರ ಕೈಯೂ ಹಿಡಿಯದೆ ಒಂದು ಸಣ್ಣ ಕೆಲಸವಾದರೂ ತಾನೇ ಮಾಡಬೇಕು ಅಂತ ಹೊರಟಿದ್ದ, ಅಷ್ಟೂ ಆಗಲಿಲ್ಲ. ಆಂಬುಲೆನ್ಸ್ ಬೇಡವೆಂದು ಅಂಗಲಾಚುತ್ತಾನೆ. ಹುಡುಗಿ ಕರೆಯುತ್ತಾಳೆ.

ಜಾನ್ ಗ್ರೀನ್ 2012ರಲ್ಲಿ ಪ್ರಕಟಿಸಿದ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಕಾದಂಬರಿ ನನಗೆ ನೆನಪಿಗೆ ಬರುವುದು ಈ ಪುಟಗಳಿಂದ. ಆಮ್‌ಸ್ಟರ್‌ಡಾಮ್ ಕಾಲುವೆ, ಶಾಂಪೇನು, ಸಿನಿಮಾ ಪೋಸ್ಟರುಗಳ ಮೇಲೆ ಕಂಡ ಆ ಪ್ರೀತಿ, ಎಲ್ಲ ಆಮೇಲೆ ನೆನಪಾಗುವುದು. ಅಷ್ಟು ಚೆಂದಕ್ಕೆ ಮಾತಾಡುತ್ತಿದ್ದ ಆಗಸ್ಟಸ್ ವಾಟರ್ಸ್ ಇಲ್ಲಿ ಬರೀ ಒಂದು ಮೈ. ನಿಜ ಹೇಳಬೇಕೆಂದರೆ, ಅಲ್ಲಿಯವರೆಗೆ ಅವನ ಮಾತು ನನಗೆ ಅತಿಯಾಗಿಯೇ ಕಂಡಿತ್ತು. ಯಾವ ಹದಿಹರೆಯದ ಹುಡುಗ ಹೀಗೆ ಪ್ರತಿ ವಾಕ್ಯಕ್ಕೂ ಇಸ್ತ್ರಿ ಹಾಕಿ ಮಾತಾಡುತ್ತಾನೆ?

ಕಥೆ ಅಮೆರಿಕದ ಇಂಡಿಯಾನಾಪೊಲಿಸ್‌ನದು. ಆಂಬುಲೆನ್ಸ್ ಕರೆದ ಆ ಹುಡುಗಿ ಹೇಜಲ್‌ಗೆ ಹದಿನಾರು. ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ. ಹೋದಲ್ಲೆಲ್ಲ ಪುಟ್ಟ ಗಾಲಿಗಾಡಿಯ ಮೇಲೆ ಆಕ್ಸಿಜನ್ ಸಿಲಿಂಡರ್ ಎಳೆದುಕೊಂಡು ಹೋಗುತ್ತಾಳೆ. ಮನೆಯಲ್ಲಿರುವ ದೊಡ್ಡ ಯಂತ್ರಕ್ಕೆ ಫಿಲಿಪ್ ಎಂದು ಹೆಸರಿಟ್ಟಿದ್ದಾಳೆ. ಆಗಸ್ಟಸ್ ಮೂಳೆ ಕ್ಯಾನ್ಸರಿಗೆ ಒಂದು ಕಾಲು ಕೊಟ್ಟವನು. ಗೆಳೆಯ ಐಸಾಕ್ ಎರಡೂ ಕಣ್ಣು ಕಳೆದುಕೊಳ್ಳುವವನು. ಚರ್ಚಿನ ನೆಲಮಾಳಿಗೆಯ ಸಭೆಯಲ್ಲಿ ಇವರ ಪರಿಚಯವಾಗುತ್ತದೆ. ಇನ್ನೊಂದು ವಿಷಯ: ಹೇಜಲ್‌ಳನ್ನು ಬದುಕಿಸಿಟ್ಟಿರುವ ಔಷಧಿ ಜಗತ್ತಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದು ಲೇಖಕನ ಕಲ್ಪನೆ.

ಕಥೆಯಾಚೆ, ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 30ಕ್ಕೂ ಕಡಿಮೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಔಷಧಿಗೆ ದುಡ್ಡೆಲ್ಲಿಂದ ಎಂಬ ಪ್ರಶ್ನೆ ಈ ಪುಸ್ತಕದಲ್ಲಿ ಹೆಚ್ಚು ತಲೆ ತಿನ್ನದಿರುವುದನ್ನು ನಮ್ಮ ಓದುಗರು ಗಮನಿಸದೆ ಇರಲಾರರು.

ಗ್ರೀನ್ ಓದು ಮುಗಿಸಿದ ಹೊಸತರಲ್ಲಿ ಓಹಾಯೊದ ಕೊಲಂಬಸ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲವು ತಿಂಗಳು ಧಾರ್ಮಿಕ ಸಲಹೆಗಾರನ ತರಬೇತಿಯಲ್ಲಿದ್ದರು. ಪಾದ್ರಿಯಾಗುವ ಯೋಚನೆ ಅಲ್ಲಿಗೇ ಮುಗಿಯಿತು, ಆ ಮಕ್ಕಳ ಬಗ್ಗೆ ಬರೆಯುವ ಆಸೆ ಮಾತ್ರ ಉಳಿಯಿತು. ವರ್ಷಗಟ್ಟಲೆ ಬರೆದರೂ ಕಥೆ ಕೂತಿರಲಿಲ್ಲ. 2009ರಲ್ಲಿ ಹ್ಯಾರಿ ಪಾಟರ್ ಅಭಿಮಾನಿಗಳ ಸಮ್ಮೇಳನದಲ್ಲಿ ಎಸ್ತರ್ ಅರ್ಲ್ ಎಂಬ ಹುಡುಗಿ ಸಿಕ್ಕಳು. ಅವಳಿಗೂ ಥೈರಾಯ್ಡ್ ಕ್ಯಾನ್ಸರ್. 2010ರಲ್ಲಿ, ಹದಿನಾರರಲ್ಲಿ ತೀರಿಕೊಂಡಳು. ಪುಸ್ತಕ ಅವಳಿಗೇ ಅರ್ಪಣೆ. ಹೇಜಲ್ ಎಂದರೆ ಎಸ್ತರ್ ಅಲ್ಲ ಎಂದು ಲೇಖಕರು ಮತ್ತೆ ಮತ್ತೆ ಹೇಳುತ್ತಾ ಬಂದಿದ್ದಾರೆ.

ಕಾದಂಬರಿಯೊಳಗೆ ಇನ್ನೊಂದು ಕಾದಂಬರಿಯಿದೆ. ಅದೂ ಕ್ಯಾನ್ಸರ್ ಬಂದ ಹುಡುಗಿಯ ಕಥೆಯೇ, ವಾಕ್ಯದ ನಡುವೆಯೇ ನಿಂತುಬಿಡುತ್ತದೆ. ಹೇಜಲ್ ಅದನ್ನು ಎಷ್ಟು ಸಲ ಓದಿದ್ದಾಳೋ ಲೆಕ್ಕವಿಲ್ಲ. ಅವಳಿಗೆ ತಿಳಿಯಬೇಕಾದದ್ದು ಕಥೆ ನಿಂತ ಮೇಲಿನದು. ಆ ಹುಡುಗಿಯ ತಾಯಿ ಮತ್ತೆ ಮದುವೆಯಾದಳೇ? ಮನೆಯಲ್ಲಿದ್ದ ಹ್ಯಾಮ್‌ಸ್ಟರ್ ಏನಾಯಿತು? ಇದನ್ನು ಕೇಳಲೆಂದೇ ಆಕ್ಸಿಜನ್ ಹಿಡಿದು ಸಮುದ್ರ ದಾಟಿ ಆಮ್‌ಸ್ಟರ್‌ಡಾಮ್‌ನಲ್ಲಿರುವ ಅದರ ಲೇಖಕನ ಮನೆ ಬಾಗಿಲು ತಟ್ಟುತ್ತಾಳೆ. ಬಾಗಿಲು ತೆರೆಯುವವನು ಕುಡುಕ, ಬಾಯಿ ಬಿಟ್ಟರೆ ಕಹಿ. ತನ್ನ ಮಗಳನ್ನೇ ಆ ರೋಗಕ್ಕೆ ಕಳೆದುಕೊಂಡವನೆಂದು ಆಮೇಲೆ ಗೊತ್ತಾಗುತ್ತದೆ. ಕಥೆ ಅಷ್ಟೇ, ಪಾತ್ರಗಳು ಅಲ್ಲಿಗೇ ಮುಗಿದವು ಎನ್ನುತ್ತಾನೆ.

ಮೊದಲ ಓದಿನಲ್ಲಿ ಇದು ಪುಸ್ತಕದ ಹುಚ್ಚು ಹತ್ತಿದ ಹುಡುಗಿಯ ಹಟದಂತೆ ಕಾಣುತ್ತದೆ. ಆದರೆ ಹೇಜಲ್ ಹದಿನಾಲ್ಕರಲ್ಲಿ ಸಾಯುವ ಹಂತಕ್ಕೆ ಹೋದಾಗ, ತಾನಿನ್ನು ತಾಯಿಯಾಗಿ ಉಳಿಯುವುದಿಲ್ಲವೆಂದು ಅಮ್ಮ ಅತ್ತದ್ದು ಅವಳ ಕಿವಿಗೆ ಬಿದ್ದಿತ್ತು. ಅಂದಿನಿಂದ ಅದು ಒಳಗೇ ಕೂತಿದೆ. ಪುಸ್ತಕದ ಹುಡುಗಿಯ ತಾಯಿಯನ್ನು ಅವಳು ಯಾಕೆ ಅಷ್ಟು ಹುಡುಕುತ್ತಾಳೆ ಎಂಬುದು ಆಗ ಅರ್ಥವಾಗುತ್ತದೆ. ನಾನು ಹೋದ ಮೇಲೆ ನನ್ನಮ್ಮ ಏನು ಮಾಡುತ್ತಾಳೆ ಎಂದು ಅಮ್ಮನನ್ನೇ ಕೇಳುವಂತಿಲ್ಲ. ಊರಾಚೆಯವನನ್ನು ಕೇಳುತ್ತಾಳೆ.

ಇದೇ ಕಾದಂಬರಿಯಿಂದ ಮಾಡಿದ 2020ರ ಹಿಂದಿ ಚಿತ್ರ ‘ದಿಲ್ ಬೇಚಾರಾ’ ಎಡವಿದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ಇಂಡಿಯಾನಾಪೊಲಿಸ್ ಜಮ್‌ಶೆಡ್‌ಪುರವಾಯಿತು, ಆಮ್‌ಸ್ಟರ್‌ಡಾಮ್ ಪ್ಯಾರಿಸ್ ಆಯಿತು, ಸಿಲಿಂಡರಿಗೆ ಪುಷ್ಪಿಂದರ್ ಎಂಬ ಹೆಸರು ಬಂತು. ಆ ತಮಾಷೆ ಚೆನ್ನಾಗಿಯೇ ಹೊಂದಿಕೊಂಡಿತು. ಆದರೆ ಅರ್ಧಕ್ಕೆ ನಿಂತ ಕಾದಂಬರಿಯ ಜಾಗದಲ್ಲಿ ಅರ್ಧಕ್ಕೆ ನಿಂತ ಹಾಡು ಬಂತು. ಹಾಡಿನೊಳಗೆ ಮಗಳಿಲ್ಲದ ಮನೆಯಲ್ಲಿ ಒಬ್ಬಳೇ ಕೂತ ತಾಯಿಯಿಲ್ಲ. ಪ್ರಶ್ನೆ ಯಾರ ಕುರಿತದ್ದೋ ಅವಳೇ ಕೈತಪ್ಪಿಹೋದಳು. ನಾಯಕ ಸುಶಾಂತ್ ಸಿಂಗ್ ರಜಪೂತ್ ತೀರಿಕೊಂಡದ್ದು ಜೂನ್ 14ಕ್ಕೆ, ಚಿತ್ರ ಬಂದದ್ದು ಜುಲೈ 24ಕ್ಕೆ. ನೋಡುತ್ತಾ ಕೂತವರು ಚಿತ್ರಕ್ಕೆ ಅತ್ತರೋ ನಟನಿಗೆ ಅತ್ತರೋ ಬಿಡಿಸಿ ಹೇಳುವುದು ಕಷ್ಟ.

ನಮ್ಮ ಮನೆಗಳಲ್ಲಿ ಈಗಲೂ ಎಷ್ಟೋ ಮಂದಿ ಕ್ಯಾನ್ಸರ್ ಎಂಬ ಪದವನ್ನು ನಾಲಿಗೆಗೆ ತಂದುಕೊಳ್ಳುವುದಿಲ್ಲ. ‘ಅವರಿಗೆ ಆ ಕಾಯಿಲೆಯಂತೆ’ ಎಂದು ದನಿ ಇಳಿಸುತ್ತಾರೆ. ಆಸ್ಪತ್ರೆಯ ವರಾಂಡದಲ್ಲಿ ‘ಮಗೂಗೆ ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ’ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ. ಒಳಗಿದ್ದ ಮಗು ಅಷ್ಟು ಹೊತ್ತಿಗೆ ಎಲ್ಲ ತಿಳಿದುಕೊಂಡು ದೊಡ್ಡವರ ಮುಖ ನೋಡಿ ಸುಮ್ಮನಿತ್ತೋ ಏನೋ.

ಹೇಜಲ್‌ಳ ಮನೆಯಲ್ಲಿ ರೋಗದ ಹೆಸರು, ಸ್ಕ್ಯಾನಿನ ಫಲಿತಾಂಶ, ಎಲ್ಲ ಊಟದ ಮೇಜಿನ ಮೇಲೇ ಇರುತ್ತದೆ. ಆದರೂ ಅಲ್ಲಿಯೂ ಒಂದು ಗುಟ್ಟಿದೆ. ಅಮ್ಮ ಮಗಳಿಗೆ ಗೊತ್ತಾಗದಂತೆ ಸಮಾಜಕಾರ್ಯದ ಪದವಿಗೆ ಓದುತ್ತಿದ್ದಾಳೆ, ಇಂಥದೇ ಮನೆಗಳಿಗೆ ನೆರವಾಗಲು. ತಾನಿಲ್ಲದ ನಾಳೆಗೆ ಅಮ್ಮ ಈಗಲೇ ಸಜ್ಜಾಗುತ್ತಿದ್ದಾಳೆಂದು ಮಗಳು ನೊಂದಾಳು ಎಂಬ ಭಯಕ್ಕೆ ಮುಚ್ಚಿಟ್ಟಿದ್ದಾಳೆ. ಒಂದು ದಿನ ಜಗಳದ ನಡುವೆ ಅದು ಹೊರಬೀಳುತ್ತದೆ. ಅಮ್ಮನಿಗೆ ತಪ್ಪು ಮಾಡಿದವಳ ಸಂಕೋಚ. ಹೇಜಲ್‌ಗೆ ಮಾತ್ರ ಹಿಡಿಸಲಾರದಷ್ಟು ಖುಷಿ, ಅಳುತ್ತಲೇ ನಗುತ್ತಾಳೆ.