ಅರ್ಜಿ ಸಲ್ಲಿಸಿದ ಮೇಲೆ ಕಾಣುವ ಆ ಹಸಿರು ಸಾಲು



ಕಳೆದ ಸಮಾವೇಶಕ್ಕೆ ನಮ್ಮ ಪುಟದಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿ ತೆಗೆದಾಗ ಅಕ್ಕಲಕೋಟೆ ಕಡೆಯ ಸದಸ್ಯರೊಬ್ಬರ ಹೆಸರು ಮೂರು ಸಲ ಇತ್ತು. ಊಟದ ಲೆಕ್ಕವೂ ಮೂರಾಯಿತು. ಅದು ಹೋಗಲಿ, ತಾಳವಾಡಿ ಕಡೆಯ ಹಿರಿಯರೊಬ್ಬರು ಬರಲೇ ಇಲ್ಲ. ಫೋನ್ ಮಾಡಿ ಕೇಳಿದೆ. "ಬಟನ್ ಒತ್ತಿದೆ ಸಾರ್, ಪುಟ ಬದಲಾಯ್ತು. ಹೆಸರು ಸೇರಿತು ಅಂತ ಎಲ್ಲೂ ಕಾಣಲಿಲ್ಲ. ಹಾಗೇ ಹೇಗೆ ಬರೋದು?" ಎಂದರು. ಅವರ ಹೆಸರು ಪಟ್ಟಿಯಲ್ಲಿತ್ತು, ಎಲೆಯೂ ಹಾಕಿತ್ತು. ತಪ್ಪು ನಮ್ಮದೇ. ಪುಟ ನೋಡಿಕೊಳ್ಳುವ ಹುಡುಗನ ಪಕ್ಕದಲ್ಲಿ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀವು "ಸಲ್ಲಿಸು" ಒತ್ತಿದಾಗ ವಿವರ ಸರ್ವರ್‌ಗೆ ಹೋಗಿ ದಾಖಲಾಗುತ್ತದೆ. ಆದರೆ ಸರ್ವರ್ ಕೂಡಲೇ ಪುಟ ಕೊಡುವುದಿಲ್ಲ. 302 ಅಥವಾ 303 ಎಂಬ ಸಂಕೇತದೊಂದಿಗೆ "ಇಂಥ ವಿಳಾಸಕ್ಕೆ ಹೋಗು" ಎಂದು ಬ್ರೌಸರ್‌ಗೆ ಹೇಳುತ್ತದೆ. ಬ್ರೌಸರ್ ತಾನೇ ಅಲ್ಲಿಗೆ ಹೋಗುತ್ತದೆ. ಇದಕ್ಕೆ ರೀಡೈರೆಕ್ಟ್ ಎನ್ನುತ್ತಾರೆ. ಈ ಸುತ್ತು ಯಾಕೆಂದರೆ, ಸಲ್ಲಿಸಿದ ಜಾಗದಲ್ಲೇ ನಿಂತು ರಿಫ್ರೆಶ್ ಮಾಡಿದರೆ ಅರ್ಜಿ ಮತ್ತೊಮ್ಮೆ ಹೋಗಬಹುದು. ಎರಡನೇ ಪುಟಕ್ಕೆ ದಾಟಿದ ಮೇಲೆ ಎಷ್ಟು ಸಲ ರಿಫ್ರೆಶ್ ಮಾಡಿದರೂ ತೊಂದರೆಯಿಲ್ಲ. ಹಿಂದಕ್ಕೆ ಹೋಗಿ ಬಟನ್ ಮತ್ತೆ ಒತ್ತುವವರನ್ನು ಮಾತ್ರ ಇದು ತಡೆಯುವುದಿಲ್ಲ. ಅಕ್ಕಲಕೋಟೆಯವರು ಮಾಡಿದ್ದು ಅದನ್ನೇ.

ಈಗ ತೊಡಕು ನೋಡಿ. ವೆಬ್‌ಗೆ ಮರೆವು ಜಾಸ್ತಿ. ಪ್ರತಿ ಸಲ ಬಂದವರೂ ಅದಕ್ಕೆ ಹೊಸಬರೇ. ನಮ್ಮ ಕಚೇರಿಗಳಲ್ಲಿ ಒಂದನೇ ಕಿಟಕಿಯಲ್ಲಿ ಅರ್ಜಿ ಕೊಟ್ಟವರನ್ನು ನಾಲ್ಕನೆಯದಕ್ಕೆ ಕಳಿಸಿದರೆ ಅಲ್ಲಿಯ ಗುಮಾಸ್ತ "ಯಾರು ನೀವು?" ಎನ್ನುವುದಿಲ್ಲವೇ, ಹಾಗೆ. ಕೈಯಲ್ಲಿ ಟೋಕನ್ ಇದ್ದರೆ ಮಾತ್ರ ಗುರುತು. ವೆಬ್‌ನ ಟೋಕನ್‌ಗೆ ಕುಕೀ ಎಂದು ಹೆಸರು; 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ಅದನ್ನು ರೂಪಿಸಿದರು. ಆ ಟೋಕನ್ ಸಂಖ್ಯೆಯ ಎದುರಿಗೆ ಸರ್ವರ್ "ಇವರ ಹೆಸರು ಸೇರಿದೆ, ತಿಳಿಸಿ" ಎಂದು ಬರೆದಿಟ್ಟು ನಿಮ್ಮನ್ನು ಮುಂದೆ ಕಳಿಸುತ್ತದೆ. ಎರಡನೇ ಪುಟ ಅದನ್ನು ಓದಿ ತೋರಿಸಿ ಅಲ್ಲಿಗೇ ಹೊಡೆದುಹಾಕುತ್ತದೆ. ಇದೇ ಫ್ಲ್ಯಾಶ್ ಸಂದೇಶ. ರೈಲ್ಸ್‌ನಲ್ಲಿ ಇದಕ್ಕೆ ಫ್ಲ್ಯಾಶ್ ಎಂದೇ ಹೆಸರು. ಜ್ಯಾಂಗೋದಲ್ಲಿ 2010ರ 1.2ನೇ ಆವೃತ್ತಿಯಿಂದ ಇಂಥದೇ ಏರ್ಪಾಡಿದೆ.

ಒಮ್ಮೆ ತೋರಿಸಿ ಅಳಿಸುವುದೇ ಅದರ ಕೆಲಸವಾದ್ದರಿಂದ, ರಿಫ್ರೆಶ್ ಮಾಡಿದಾಗ ಹಸಿರು ಸಾಲು ಮಾಯವಾದರೆ ನಿಮ್ಮ ಹೆಸರು ಹೋಯಿತೆಂದು ತಿಳಿಯಬೇಡಿ. ನಮ್ಮ ಪುಟ ಎರಡು ಕಡೆ ತೆರೆದಿದ್ದರೆ ಸಂದೇಶ ಇನ್ನೊಂದರಲ್ಲಿ ಕಾಣಿಸಿಕೊಳ್ಳುವುದೂ ಉಂಟು.

ಸಂದೇಶವನ್ನು ವಿಳಾಸದ ಬಾಲಕ್ಕೇ ಅಂಟಿಸಿಬಿಟ್ಟರೆ ಸುಲಭವಲ್ಲವೇ ಎಂದು ನಾನು ಕೇಳಿದೆ. ಹುಡುಗ ಒಪ್ಪಲಿಲ್ಲ. ಆ ಲಿಂಕನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ತೆರೆದವರಿಗೆಲ್ಲ "ನಿಮ್ಮ ನೋಂದಣಿ ಆಯಿತು" ಎನ್ನುತ್ತದಂತೆ. ಇನ್ನೂ ಕೆಟ್ಟದ್ದೆಂದರೆ ಯಾರು ಬೇಕಾದರೂ ಅಲ್ಲಿ "ಶುಲ್ಕ ಈ ನಂಬರಿಗೆ ಕಳಿಸಿ" ಎಂದು ಸೇರಿಸಿ ಹಂಚಬಹುದು. ನಮ್ಮ ಪುಟವೇ ಹೇಳಿದಂತೆ ಕಾಣುತ್ತದೆ. ಸುಮ್ಮನಾದೆ.

ಹಾಗಾದರೆ ನಮ್ಮಲ್ಲಿ ಕೆಟ್ಟದ್ದೇನು? ಸಂದೇಶ ಬರುತ್ತಿತ್ತು, ಇಂಗ್ಲಿಷ್‌ನಲ್ಲಿ, ಸಣ್ಣ ಅಕ್ಷರದಲ್ಲಿ. ನಾಲ್ಕು ಸೆಕೆಂಡಿಗೆ ತಾನೇ ಮರೆಯಾಗುತ್ತಿತ್ತು. ಕನ್ನಡ ಸಂಘದ ಪುಟದಲ್ಲಿ ಹೀಗೆ! ಈಗ ಕನ್ನಡದಲ್ಲಿ ಬರುತ್ತದೆ, ನೀವು ಮುಚ್ಚುವವರೆಗೆ ನಿಲ್ಲುತ್ತದೆ, ಹೆಸರು ಮತ್ತು ನೋಂದಣಿ ಸಂಖ್ಯೆ ಹೇಳುತ್ತದೆ. ಅದೇ ಮೊಬೈಲ್ ಸಂಖ್ಯೆಯಿಂದ ಮತ್ತೆ ಸಲ್ಲಿಸಿದರೆ "ಈಗಾಗಲೇ ಸೇರಿದೆ" ಎನ್ನುತ್ತದೆ. ಜೊತೆಗೆ "ನನ್ನ ನೋಂದಣಿ" ಎಂಬ ಪುಟ ಸೇರಿಸಿದ್ದೇವೆ, ಅಲ್ಲಿರುವುದು ಅಳಿಯುವುದಿಲ್ಲ. ಬಾಯಿಮಾತು ಬೇರೆ, ಸ್ವೀಕೃತಿ ಚೀಟಿ ಬೇರೆ ಎಂಬುದು ವರ್ಷಗಟ್ಟಲೆ ಟಪಾಲು ವಿಭಾಗದಲ್ಲಿ ಕೂತ ನನಗೆ ಮೊದಲೇ ಹೊಳೆಯಬೇಕಿತ್ತು.

ಹಸಿರು ಸಾಲು ಕಾಣದಿದ್ದರೆ ದಯವಿಟ್ಟು ಮತ್ತೆ ಒತ್ತಬೇಡಿ. "ನನ್ನ ನೋಂದಣಿ" ತೆರೆದು ನೋಡಿ. ಅಲ್ಲೂ ಇಲ್ಲವಾದರೆ ನನಗೆ ಫೋನ್ ಮಾಡಿ.

ಹೊಸ ಏರ್ಪಾಡನ್ನು ಮೊದಲು ತಾಳವಾಡಿಯ ಹಿರಿಯರಿಂದಲೇ ಪರೀಕ್ಷೆ ಮಾಡಿಸಿದೆ. ಕಂಡಿತಂತೆ. ಅಕ್ಷರ ಇನ್ನಷ್ಟು ದೊಡ್ಡದಾಗಲಿ ಎಂದಿದ್ದಾರೆ, ಮಾಡಿಸುತ್ತಿದ್ದೇವೆ.

– ಕಾರ್ಯದರ್ಶಿ