ಬಂಡಿಗೆ ಕಡೆಗೀಲು, ಕಾರಿಗೆ ಸ್ಟಡ್ಡು

“ಒಂದು ಮುರದ್ರ ಏನಾತ್ರೀ? ಇನ್ನೂ ಮೂರು ಅವ. ನಡೀತದ ತಗೋರಿ.”

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ರಸ್ತೆಬದಿಯಲ್ಲಿ ಇಂಥ ಮಾತು ಹೊಸದಲ್ಲ. ಕಾರಿನ ಚಕ್ರ ಬಿಚ್ಚುವಾಗ ಸ್ಟಡ್ಡು ಕಡಿದುಹೋಗಿರುತ್ತದೆ. ಮಗಳನ್ನು ಕಲಬುರಗಿಗೆ ಪರೀಕ್ಷೆಗೆ ಕರೆದೊಯ್ಯುವ ಅವಸರದಲ್ಲಿರುವ ತಂದೆಗೆ ಆ ಮಾತು ಹಿತವಾಗಿಯೇ ಕೇಳಿಸುತ್ತದೆ. ಆದರೆ ಒಂದು ಸ್ಟಡ್ಡಿನ ಕೆಲಸ ಎಷ್ಟೆಂದು ಲೆಕ್ಕ ಹಾಕಿದವರು ಹಾಗೆ ಹೊರಡಲಾರರು.

ಎಳೆದು ಹಿಡಿಯುವ ಕೀಲು

ಎತ್ತಿನ ಬಂಡಿಯ ಚಕ್ರ ಅಚ್ಚಿನಿಂದ ಜಾರದಂತೆ ಕಡೆಗೀಲು ಅಡ್ಡ ನಿಂತು ತಡೆಯುತ್ತದೆ. ವಾಡಿ ಜಂಕ್ಷನ್ನಿನಲ್ಲಿ ನಿಲ್ಲುವ ರೈಲಿನ ಚಕ್ರಗಳನ್ನು ಭಾರೀ ಒತ್ತಡದಿಂದ ಅಚ್ಚಿಗೇ ಕೂಡಿಸಿರುತ್ತಾರೆ. ಕಾರಿನದು ಮೂರನೆಯ ಬಗೆ. ಹಬ್ಬಿನ ತೂತಿನಲ್ಲಿ ಹಿಂದಿನಿಂದ ಬಿಗಿಯಾಗಿ ಕೂಡಿಸಿದ ಚೂಡಿಯುಳ್ಳ ಉಕ್ಕಿನ ಕಡ್ಡಿಯೇ ಸ್ಟಡ್ಡು. ನಟ್ಟನ್ನು ಬಿಗಿದಾಗ ಅದು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಸ್ಪ್ರಿಂಗಿನಂತೆ ಮರಳಿ ಕುಗ್ಗಲೆಣಿಸಿ, ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ಸ್ಥಿತಿಸ್ಥಾಪಕತೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು. ಹಬ್ಬಿಗೂ ಚಕ್ರಕ್ಕೂ ನಡುವಿನ ಘರ್ಷಣೆಯೇ ಭಾರ ಹೊರುತ್ತದೆ.

ಎಷ್ಟು ಬಲ? 12 ಮಿಲಿಮೀಟರ್ ದಪ್ಪದ ಸ್ಟಡ್ಡಿನ ನಟ್ಟನ್ನು 100 ನ್ಯೂಟನ್-ಮೀಟರ್ ಟಾರ್ಕಿನಿಂದ ಬಿಗಿದರೆಂದು ಇಟ್ಟುಕೊಳ್ಳೋಣ. ಘರ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಎಂಜಿನಿಯರುಗಳು ಬಳಸುವ ಅಂಕಿ ಸುಮಾರು 0.2. ಆಗ 100 ÷ (0.2 × 0.012) = ಸುಮಾರು 41,700 ನ್ಯೂಟನ್. ಅಂದರೆ ಒಂದೊಂದು ಸ್ಟಡ್ಡೂ 4 ಟನ್ನಿಗೂ ಮಿಕ್ಕ ಬಲದಿಂದ ಎಳೆಯುತ್ತದೆ. ಚಿಕ್ಕ ಕಾರಿನ ಒಟ್ಟು ತೂಕವೇ 1 ಟನ್ನಿನ ಆಸುಪಾಸು!

ನಾಲ್ಕರಲ್ಲಿ ಒಂದು ಹೋದರೆ ಹಿಡಿತದ ಕಾಲು ಭಾಗ ಹೋಯಿತು. ಉಳಿದ ಹಿಡಿತವೂ ಒಂದು ಕಡೆಗೆ ವಾಲುತ್ತದೆ. ಚಕ್ರ ಸ್ವಲ್ಪ ಅಲುಗಾಡತೊಡಗಿದರೂ ಉಳಿದ ಸ್ಟಡ್ಡುಗಳು ಸುತ್ತು ಸುತ್ತಿಗೂ ಬಾಗಿ ನೆಟ್ಟಗಾಗುತ್ತವೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುವುದನ್ನು ಮಕ್ಕಳು ಬಲ್ಲರು. ಚಿಕ್ಕ ಕಾರಿನ ಚಕ್ರ 1 ಕಿಲೋಮೀಟರಿಗೆ 600 ಸುತ್ತಿನಷ್ಟು ಉರುಳುತ್ತದೆ. ಸೇಡಂನಿಂದ ಕಲಬುರಗಿಗೆ 50 ಕಿ.ಮೀ. ಎಂದು ಹಿಡಿದರೂ ಅದು 30,000 ಸುತ್ತು.

ಕೆಡುವುದೇಕೆ?

ಪಾನಾದ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಅದರ ಮೇಲೆ ನಿಂತು ಬಿಗಿಯುವ ರೂಢಿ ನಮ್ಮಲ್ಲುಂಟು. 60 ಕಿಲೋ ತೂಕದ ವ್ಯಕ್ತಿ ಅರ್ಧ ಮೀಟರ್ ಉದ್ದದ ಪೈಪಿನ ತುದಿಯಲ್ಲಿ ನಿಂತರೆ ಟಾರ್ಕ್ 294 ನ್ಯೂಟನ್-ಮೀಟರ್, ಅಂದರೆ ಬೇಕಾದುದರ ಸುಮಾರು ಮೂರು ಪಟ್ಟು. ಸ್ಟಡ್ಡು ಸ್ಥಿತಿಸ್ಥಾಪಕತೆಯ ಮಿತಿ ದಾಟಿ ಹಿಗ್ಗಿತೆಂದರೆ ಮತ್ತೆ ಕುಗ್ಗದು. ಸಡಿಲ ನಟ್ಟೂ ಅಷ್ಟೇ ಅಪಾಯಕಾರಿ. ನಟ್ಟನ್ನು ಸೊಟ್ಟಗೆ ಏರಿಸಿದರೂ ಚೂಡಿ ಸವೆಯುತ್ತದೆ. ಸಿಮೆಂಟು ಮತ್ತು ಶಹಾಬಾದ ಕಲ್ಲಿನ ಲಾರಿಗಳು ಓಡಾಡುವ ಈ ರಸ್ತೆಗಳಲ್ಲಿ ದೂಳಿಗೆ ಬರವಿಲ್ಲ. ಚೂಡಿಯಲ್ಲಿ ದೂಳು, ತುಕ್ಕು ಸೇರಿದರೆ ಬಿಗಿಯುವ ಬಲವೆಲ್ಲ ಘರ್ಷಣೆಗೇ ಖರ್ಚಾಗುತ್ತದೆ. ಪಾನಾ ಬಿಗಿಯಾಯಿತೆನ್ನುತ್ತದೆ, ಚಕ್ರ ಮಾತ್ರ ಬಿಗಿಯಾಗಿರುವುದಿಲ್ಲ.

ದುರಸ್ತಿಯೋ, ಬದಲಾವಣೆಯೋ?

ಚೂಡಿಗೆ ಅಲ್ಪಸ್ವಲ್ಪ ಪೆಟ್ಟಾಗಿದ್ದರೆ ತಂತಿಯ ಬ್ರಷ್ಷಿನಿಂದ ತಿಕ್ಕಿ, ಅದೇ ಅಳತೆಯ ಡೈಯಿಂದ ಸರಿಪಡಿಸಬಹುದು. ನಟ್ಟು ಬೆರಳಿನಿಂದಲೇ ಸರಾಗವಾಗಿ ಏರಬೇಕು. ಸ್ಟಡ್ಡಿನ ನಡುವೆ ಸೊರಗಿದ್ದರೆ, ಬಾಗಿದ್ದರೆ, ಚೂಡಿ ಕಿತ್ತುಬಂದಿದ್ದರೆ ಬದಲಿಸುವುದೊಂದೇ ದಾರಿ. ಮುರಿದದ್ದನ್ನು ವೆಲ್ಡಿಂಗ್ ಮಾಡಿಸಲೇಬಾರದು. ಕಾಯಿಸಿ ಹದಗೊಳಿಸಿದ ಆ ಉಕ್ಕು ವೆಲ್ಡಿಂಗಿನ ಶಾಖಕ್ಕೆ ಹದ ಕಳೆದುಕೊಳ್ಳುತ್ತದೆ.

ಬದಲಿಸುವ ಕೆಲಸ ಅನುಭವಿ ಮೆಕ್ಯಾನಿಕ್ಕಿನದು. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ನಟ್ಟು ಸಡಿಲಿಸಿದ ಮೇಲೆ ಜಾಕ್ ಏರಿಸಬೇಕು. ಬರೀ ಜಾಕನ್ನು ನಂಬದೆ ಗಟ್ಟಿ ಸ್ಟ್ಯಾಂಡ್ ಇಡಬೇಕು. ಚಕ್ರ, ಬ್ರೇಕಿನ ಡ್ರಮ್ ಅಥವಾ ಡಿಸ್ಕ್ ಬಿಚ್ಚಿ, ಹಳೆಯ ಸ್ಟಡ್ಡನ್ನು ಹಿಂದಕ್ಕೆ ಹೊರಡಿಸುತ್ತಾರೆ. ಸುತ್ತಿಗೆಯ ಜೋರು ಪೆಟ್ಟು ಬೇರಿಂಗಿಗೆ ಕೇಡು. ಪ್ರೆಸ್ಸಿನಿಂದ ಒತ್ತಿದರೆ ಲೇಸು. ಅದೇ ಅಳತೆಯ ಹೊಸ ಸ್ಟಡ್ಡನ್ನು ಹಿಂದಿನಿಂದ ತೂರಿಸಿ, ಮುಂದೆ ವಾಷರುಗಳನ್ನಿಟ್ಟು, ಹಳೆಯ ನಟ್ಟಿನಿಂದ ತಲೆ ಪೂರಾ ಕೂಡುವವರೆಗೆ ಎಳೆಯಬೇಕು. ಸ್ಟಡ್ಡು ತೂತಿನಲ್ಲಿ ಗಿರಗಿರನೆ ತಿರುಗಿದರೆ ಹಬ್ಬೇ ಸವೆದಿದೆ ಎಂದರ್ಥ, ಅದನ್ನೂ ಬದಲಿಸಬೇಕು. ಜೊತೆಯ ಸ್ಟಡ್ಡುಗಳನ್ನೂ ಪರೀಕ್ಷಿಸಬೇಕು. ಒಂದು ಮುರಿದಾಗ ಅದರ ಭಾರ ಹೊತ್ತವು ಅವೇ ಅಲ್ಲವೇ?

ಕೊನೆಗೆ ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿ ಹೇಳುವ ಟಾರ್ಕಿಗೆ, ಟಾರ್ಕ್ ಪಾನಾದಿಂದ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಈ ಭಾನುವಾರ ಮಕ್ಕಳೇ ಮನೆಯ ಕಾರಿನ ಅಥವಾ ಶಾಲೆಗೆ ಒಯ್ಯುವ ವ್ಯಾನಿನ ನಟ್ಟುಗಳನ್ನು ಎಣಿಸಲಿ. ಒಂದು ಕಡಿಮೆಯಿದ್ದರೆ ಹಿರಿಯರಿಗೆ ಹೇಳಲಿ. “ನಡೀತದ ತಗೋರಿ” ಎಂದು ಹಿರಿಯರು ಅಂದರೆ ಮೇಲಿನ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಲಿ. ಸ್ಟಡ್ಡು ಬದಲಿಸಲು ಅರ್ಧ ದಿನ ಹೋದೀತು, ಹೋಗಲಿ.